ಫ್ಯಾಮಿಲಿ ಟ್ರೀ ವೆಬ್‌ಸೈಟ್‌ಗೆ ವರ್ಷದ ಚಂದಾ ಕಟ್ಟಬಹುದಾ?

ಹಾವೇರಿ ಕಡೆಯ ನಿಮ್ಮ ಮನೆತನದ ವಂಶವೃಕ್ಷ ಮಾಡಬೇಕು, ಇಂಥ ತಾಣಗಳಿಗೆ ದುಡ್ಡು ಕಟ್ಟಿದರೆ ಹಳಬರ ಹೆಸರು ಸಿಗುತ್ತಾ ಅಂತ ಕೇಳಿದ್ದೀರಿ. ಚಂದಾ ಕಟ್ಟಿ ಬಳಸಿದವನಾಗಿ ಹೇಳುತ್ತೇನೆ. ಬರೀ ಮರ ಬರೆದಿಡೋಕೆ ದುಡ್ಡು ಬೇಕಾಗಿಲ್ಲ. ಹಳಬರನ್ನು ಹುಡುಕೋಕೆ ಅಂತಾದರೆ ನಿಮಗೆ ಅಲ್ಲಿ ಜಾಸ್ತಿ ಏನೂ ಸಿಗುವುದಿಲ್ಲ.

ಚಂದಾ ತೆಗೆದುಕೊಳ್ಳುವುದು ಹಳೆಯ ದಾಖಲೆ ತೋರಿಸುವುದಕ್ಕೆ. ಆನ್ಸೆಸ್ಟ್ರಿ, ಮೈಹೆರಿಟೇಜ್, ಫೈಂಡ್‌ಮೈಪಾಸ್ಟ್ ಇವುಗಳ ಬಂಡವಾಳವೆಲ್ಲ ಹೆಚ್ಚಾಗಿ ಅಮೆರಿಕ, ಯುರೋಪಿನ ಜನಗಣತಿ ಹಾಳೆ, ಚರ್ಚಿನ ಪುಸ್ತಕ, ಹಡಗಿನ ಪ್ರಯಾಣಿಕರ ಪಟ್ಟಿ. ಅಮೆರಿಕದಲ್ಲಿ ಮನೆಮನೆಯ ಜನಗಣತಿ ಹಾಳೆಗಳನ್ನು 72 ವರ್ಷ ಆದ ಮೇಲೆ ಬಿಡುಗಡೆ ಮಾಡುತ್ತಾರೆ. 1950ರದ್ದು 2022ರಲ್ಲಿ ಹೊರಬಂತು. ಇಂಗ್ಲೆಂಡಿನ 1921ರದ್ದೂ ಅದೇ ವರ್ಷ ಬಂತು. ನಮ್ಮಲ್ಲಿ 1948ರ ಜನಗಣತಿ ಕಾಯ್ದೆ ಪ್ರಕಾರ ಯಾರ ಮನೆಯ ಹಾಳೆಯನ್ನೂ ಹೊರಗಿನವರು ನೋಡುವ ಹಾಗಿಲ್ಲ. ಇನ್ನು ಆ ತಾಣದವರು ತಾನೇ ಎಲ್ಲಿಂದ ತರಬೇಕು?

ಆದರೂ ಇಮೇಲ್ ಮಾತ್ರ ಬರುತ್ತಲೇ ಇತ್ತು, ‘ನಿಮ್ಮ ಪೂರ್ವಜರ ಬಗ್ಗೆ ಹೊಸ ಮಾಹಿತಿ ಸಿಕ್ಕಿದೆ’ ಅಂತ. ಚಂದಾ ಕಟ್ಟಿ ತೆಗೆದು ನೋಡಿದರೆ, ಅಮೆರಿಕದಲ್ಲಿರುವ ನಮ್ಮ ಚಿಕ್ಕಪ್ಪನ ಮಗಳು ಹಾಕಿಟ್ಟಿದ್ದ ಮರ! ಅದರಲ್ಲಿದ್ದದ್ದು ನಾನೇ ಫೋನಿನಲ್ಲಿ ಹೇಳಿ ಬರೆಸಿದ್ದ ಹೆಸರುಗಳು. ಇನ್ನೊಂದು ಸಲ ಬರೀ ‘ಬಸಪ್ಪ’ ಅನ್ನೋ ಹೆಸರು ನೋಡಿ ನೆಂಟಸ್ತನ ಹಚ್ಚಿತ್ತು. ಧಾರವಾಡದಿಂದ ಬಳ್ಳಾರಿವರೆಗೆ ಎಷ್ಟು ಜನ ಬಸಪ್ಪಂದಿರಿಲ್ಲ ಹೇಳಿ.

ನಮ್ಮ ಹೆಸರುಗಳೂ ಅದಕ್ಕೆ ಅರ್ಥವಾಗುವುದಿಲ್ಲ. ಅಜ್ಜನ ಹೆಸರಿನ ಜೊತೆ ಊರಿನ ಹೆಸರು, ಅಪ್ಪನಿಗೆ ಬರೀ ಇನಿಷಿಯಲ್, ನನಗೆ ಅಡ್ಡಹೆಸರು. ತಾಣದ ಲೆಕ್ಕದಲ್ಲಿ ಮೂವರದ್ದೂ ಬೇರೆ ಬೇರೆ ಕುಟುಂಬ. ಮಜಾ ಇದ್ದದ್ದು ದೊಡ್ಡ ಸೋದರತ್ತೆ ವಿಷಯದಲ್ಲಿ. ಅವರು ಮದುವೆಯಾದದ್ದು ಸ್ವಂತ ಸೋದರಮಾವನನ್ನು. ಹಾಗಾಗಿ ಆ ಮಾವ ಅಜ್ಜಿಯ ತಮ್ಮನಾಗಿ ಮೇಲೊಂದು ಕಡೆ, ಅಜ್ಜಿಯ ಅಳಿಯನಾಗಿ ಕೆಳಗೊಂದು ಕಡೆ ಕೂತರು. ‘ಈ ಸಂಬಂಧ ಸರಿ ಇದೆಯಾ, ಒಮ್ಮೆ ನೋಡಿ’ ಅಂತ ತಾಣ ಪದೇ ಪದೇ ಕೇಳುತ್ತಿತ್ತು. ನಮ್ಮೂರಿನಲ್ಲಿ ಇದನ್ನು ಯಾರೂ ಕೇಳೋದಿಲ್ಲ.

ದುಡ್ಡಿನ ವಿಷಯದಲ್ಲಿ ಹುಷಾರು. ಉಚಿತ ಟ್ರಯಲ್‌ಗೂ ಕಾರ್ಡ್ ನಂಬರ್ ಕೇಳುತ್ತಾರೆ. ನನಗೆ ಮೊದಲ ವರ್ಷ ರಿಯಾಯಿತಿ ಸಿಕ್ಕಿತ್ತು. ಎರಡನೇ ವರ್ಷಕ್ಕೆ ಪೂರ್ತಿ ದರ, ಅದೂ ಡಾಲರ್ ಲೆಕ್ಕ. ಚಂದಾ ನಿಲ್ಲಿಸುವ ಬಟನ್ ಎಲ್ಲೋ ಮೂಲೆಯಲ್ಲಿತ್ತು. ಮೊಬೈಲ್ ಆ್ಯಪ್ ಮೂಲಕ ಚಂದಾ ಕಟ್ಟಿದ್ದರೆ ಪ್ಲೇ ಸ್ಟೋರ್‌ನಲ್ಲೇ ಹೋಗಿ ನಿಲ್ಲಿಸಬೇಕು. ಆ್ಯಪ್ ಅಳಿಸಿಬಿಟ್ಟರೆ ಚಂದಾ ನಿಲ್ಲುವುದಿಲ್ಲ. ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ವಿದೇಶಿ ವಹಿವಾಟು ಆಫ್ ಮಾಡಿಡಿ. ಬದುಕಿರುವವರ ಹುಟ್ಟಿದ ತಾರೀಖು ಹಾಕಬೇಡಿ. ಮೈಹೆರಿಟೇಜ್‌ನ 9 ಕೋಟಿಗೂ ಹೆಚ್ಚು ಬಳಕೆದಾರರ ಇಮೇಲ್ ವಿಳಾಸ ಸೋರಿದ್ದು 2018ರಲ್ಲಿ ಬಯಲಾಗಿತ್ತು.

ಮರ ಬರೆಯೋಕೆ ಗ್ರ್ಯಾಂಪ್ಸ್ ಅಂತ ಉಚಿತ ಸಾಫ್ಟ್‌ವೇರ್ ಇದೆ. ಎಲ್ಲವೂ ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಆನ್‌ಲೈನೇ ಬೇಕು ಅಂದರೆ ಅಮೆರಿಕದ ಮಾರ್ಮನ್ ಚರ್ಚಿನವರು ನಡೆಸುವ ಫ್ಯಾಮಿಲಿಸರ್ಚ್ ಪೂರ್ತಿ ಉಚಿತ. ಹರಿದ್ವಾರದಂಥ ಕ್ಷೇತ್ರಗಳ ಪಂಡಾಗಳು (ಅಲ್ಲಿನ ಪುರೋಹಿತರು) ಬರೆದಿಟ್ಟ ಯಾತ್ರಿಕರ ವಹಿಗಳ ಚಿತ್ರಗಳೂ ಅಲ್ಲಿವೆ. ಆದರೆ ನಮ್ಮ ಕಡೆಯವರಿಗೆ ಅದರಿಂದ ಉಪಯೋಗ ಕಡಿಮೆ.

ನಿಮ್ಮದು ಹಾವೇರಿ ಕಡೆ ಅಲ್ವಾ? ಮೊದಲು ಮನೆಯ ಹಿರಿಯರಿಗೆ ‘ನಮ್ಮ ಹೆಳವರು ಯಾರು, ಈಗ ಬರ್ತಾರಾ’ ಅಂತ ಕೇಳಿ. ಮನೆತನದ ವಂಶಾವಳಿ ಇಟ್ಟುಕೊಂಡು ಓದಿ ಹೇಳುವುದೇ ಅವರ ಕಸುಬು. ನಮ್ಮ ಮನೆಗೆ ಕೆಲವು ವರ್ಷಕ್ಕೊಮ್ಮೆ ಸುಗ್ಗಿ ಮುಗಿದ ಮೇಲೆ ಬರುತ್ತಾರೆ. ಪಡಸಾಲೆಯಲ್ಲಿ ಕಂಬಳಿ ಹಾಸಿದರೆ ಕೂತು, ಬಟ್ಟೆ ಸುತ್ತಿದ ದಪ್ಪ ಪುಸ್ತಕ ಬಿಚ್ಚಿ, ಮೂಲಪುರುಷ ಯಾವ ಊರು ಬಿಟ್ಟು ಬಂದ ಅನ್ನೋದರಿಂದ ರಾಗವಾಗಿ ಶುರು ಮಾಡುತ್ತಾರೆ. ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಬರೆದುಕೊಂಡು, ಜೋಳ, ಬಟ್ಟೆ, ದುಡ್ಡು ತೆಗೆದುಕೊಂಡು ಹೋಗುತ್ತಾರೆ. ಕಳೆದ ಸಲ ಕಾಕಾ ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿದರು. ತಾಣದಲ್ಲಿ ಅಜ್ಜನ ಅಪ್ಪನ ಹತ್ತಿರ ನಿಂತುಹೋಗಿದ್ದ ಮರ ಹಾಗೆ ಮೇಲಕ್ಕೆ ಬೆಳೆಯಿತು. ಹೆಣ್ಣುಮಕ್ಕಳ ಹೆಸರು ಮಾತ್ರ ನಮ್ಮ ಹೆಳವರ ಪುಸ್ತಕದಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಅದಕ್ಕೆ ತಾಲ್ಲೂಕು ಕಚೇರಿಯ ಹಳೆ ಮ್ಯುಟೇಶನ್ (ಜಮೀನಿನ ಖಾತೆ ಬದಲಾದ ದಾಖಲೆ) ಪ್ರತಿ ತೆಗೆಸಿ. ಹೊಲ ಪೌತಿ ಆದಾಗ, ಅಂದರೆ ಯಜಮಾನ ತೀರಿಕೊಂಡು ಹೊಲ ಮನೆಯವರ ಹೆಸರಿಗೆ ಹೋದಾಗ, ವಾರಸುದಾರರ ಪಟ್ಟಿಯಲ್ಲಿ ಹೆಂಡತಿ, ಹೆಣ್ಣುಮಕ್ಕಳ ಹೆಸರು ಎಷ್ಟೋ ಸಲ ಸಿಗುತ್ತದೆ. ನಮ್ಮ ಮುತ್ತಜ್ಜಿಯ ಹೆಸರು ಸಿಕ್ಕಿದ್ದು ಹಾಗೇ. ಅಂದಹಾಗೆ, ಖಾತೆ ಬದಲಾವಣೆಗೆ ಬೇಕಾದ ವಂಶವೃಕ್ಷ ಬೇರೆ. ಅದಕ್ಕೆ ನಾಡಕಚೇರಿಯಲ್ಲೇ ಅರ್ಜಿ ಹಾಕಬೇಕು, ತಾಣದ ಪ್ರಿಂಟ್ ನಡೆಯಲ್ಲ.

ಚಂದಾ ದುಡ್ಡು ದಕ್ಕಿದ್ದನ್ನೂ ನೋಡಿದ್ದೇನೆ. ಕೆ.ಜಿ.ಎಫ್‌ನ ಆಂಗ್ಲೋ-ಇಂಡಿಯನ್ ಗೆಳೆಯನೊಬ್ಬನಿಗೆ ಫೈಂಡ್‌ಮೈಪಾಸ್ಟ್‌ನಲ್ಲಿ ಮುತ್ತಜ್ಜನ ಮದುವೆಯ ದಾಖಲೆಯೇ ಸಿಕ್ಕಿತು. ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ (ಬ್ರಿಟಿಷರ ಕಾಲದಲ್ಲಿ ಲಂಡನ್ನಿನಿಂದ ಭಾರತದ ಆಡಳಿತ ನೋಡುತ್ತಿದ್ದ ಇಲಾಖೆ) ದಾಖಲೆಗಳು ಫೈಂಡ್‌ಮೈಪಾಸ್ಟ್‌ನಲ್ಲಿವೆ. ನಿಮ್ಮವರಲ್ಲೂ ಯಾರಾದರೂ ಹಿಂದೆಯೇ ವಿದೇಶಕ್ಕೆ ಹೋಗಿ ನೆಲೆಸಿದ್ದರೆ ಒಂದು ತಿಂಗಳ ಚಂದಾ ಮಾತ್ರ ಕಟ್ಟಿ. ಸಿಕ್ಕಿದ್ದನ್ನೆಲ್ಲ ಡೌನ್‌ಲೋಡ್ ಮಾಡಿಕೊಳ್ಳಿ. ಮರವನ್ನು ಜೆಡ್‌ಕಾಮ್ (GEDCOM, ವಂಶವೃಕ್ಷದ ಸಾಫ್ಟ್‌ವೇರ್‌ಗಳೆಲ್ಲ ಸಾಮಾನ್ಯವಾಗಿ ಓದುವ ಮಾದರಿ) ಫೈಲ್ ಆಗಿ ಇಳಿಸಿಕೊಂಡರೆ ಗ್ರ್ಯಾಂಪ್ಸ್‌ನಲ್ಲಿ ಹಾಗೇ ತೆರೆಯುತ್ತದೆ.