ಎಂಟನೇ ಪುಟದ ಆ ಸಾಲು

ಹಾಸನ

ಪ್ರಿಯರೇ, ನಮಸ್ಕಾರ.

ಬೇಲೂರಿನಿಂದ ನೀವು ಕಳಿಸಿದ ‘ಉಕ್ಕಿನ ಕೋಟೆಯೊಳಗಿನ ವೀರಗಾಥೆ’ಯ ಹನ್ನೊಂದು ಪುಟವನ್ನೂ ಓದಿದೆ. ಒಂದು ಸಲ ಆಫೀಸಿನಲ್ಲಿ, ಇನ್ನೊಂದು ಸಲ ಮನೆಯಲ್ಲಿ ಊಟ ಆದ ಮೇಲೆ. 2014ರಲ್ಲಿ ಬಂದ ‘ಫ್ಯೂರಿ’ ಸಿನಿಮಾ ಹೇಗೆ ತಯಾರಾಯಿತು, ಎರಡನೇ ಮಹಾಯುದ್ಧದ ಒಂದು ಅಮೆರಿಕನ್ ಟ್ಯಾಂಕ್ ಮತ್ತು ಅದರೊಳಗಿನ ಐವರ ಕಥೆಯನ್ನು ಹೇಗೆ ತೆಗೆದರು ಅನ್ನುವುದು ನಿಮ್ಮ ವಿಷಯ. ಈಗಿರುವ ರೂಪದಲ್ಲಿ ಇದನ್ನು ಹಾಕಲು ಆಗುವುದಿಲ್ಲ. ಹಾಗಂತ ‘ವಿಷಾದವಿದೆ’ ಅಂತ ಒಂದು ಕಾರ್ಡು ಗೀಚಿ ಕೈತೊಳೆದುಕೊಳ್ಳುವ ಮನಸ್ಸೂ ಬರಲಿಲ್ಲ. ಕಾರಣ ಎಂಟನೇ ಪುಟದಲ್ಲಿದೆ, ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ಬೈಗುಳ ಮುಗಿಸಿಬಿಡೋಣ.

‘ಯುದ್ಧ ಮನುಕುಲದಷ್ಟೇ ಹಳೆಯದು’ ಅಂತ ಶುರು ಮಾಡಿದ್ದೀರಿ. ಕುರುಕ್ಷೇತ್ರದಿಂದ ಹೊರಟು, ವಿಷ್ಣುವರ್ಧನ ತಲಕಾಡು ಗೆದ್ದದ್ದನ್ನು ಮುಟ್ಟಿಕೊಂಡು, ಮೂರನೇ ಪುಟದ ಹೊತ್ತಿಗೆ ಜರ್ಮನಿ ತಲುಪುತ್ತೀರಿ. ಬೇಲೂರಿನವರಿಗೆ ವಿಷ್ಣುವರ್ಧನನನ್ನು ಬಿಟ್ಟು ಬರೆಯುವುದು ಕಷ್ಟ, ಒಪ್ಪಿದೆ. ಆದರೂ ಬಿಡಿ. ನಾಯಕನಟ ಬ್ರಾಡ್ ಪಿಟ್ ಹೆಸರು ಎಷ್ಟು ಸಲ ಬಂದಿದೆ ಅಂತ ಪೆನ್ಸಿಲ್ ಹಿಡಿದು ಎಣಿಸಿದೆ: ಮೂವತ್ತೊಂದು. ಟ್ಯಾಂಕ್ ಓಡಿಸುವ ಡ್ರೈವರ್ ಪಾತ್ರದ ಮೈಕೆಲ್ ಪೇನ್ಯಾ ಒಂದೇ ಸಲ, ಅದೂ ಆವರಣದಲ್ಲಿ.

ಭಾಷೆಯ ಮಾತು. ನೀರಿನ ಟ್ಯಾಂಕ್ ಅಂದುಕೊಂಡಾರು ಎಂಬ ಭಯಕ್ಕೋ ಏನೋ, ‘ಸಮರಶಕಟ’ ಅಂದಿದ್ದೀರಿ. ಫಿರಂಗಿಗೆ ಗುರಿ ಹಿಡಿದು ಹಾರಿಸುವ ಗನ್ನರ್ ‘ಗುರಿಚಾಲಕ’ನಾಗಿದ್ದಾನೆ, ಅದಕ್ಕೆ ಗುಂಡು ತುಂಬುವ ಲೋಡರ್ ‘ಮದ್ದುಭರಕ’ನಾಗಿದ್ದಾನೆ. ನಮ್ಮ ಜಿಲ್ಲೆಯಲ್ಲಿ ಮಿಲಿಟರಿಯಿಂದ ಬಂದವರು ಎಷ್ಟು ಜನ ಇಲ್ಲ, ಅವರಲ್ಲಿ ಒಬ್ಬರ ಬಾಯಲ್ಲಿ ಈ ಮಾತು ಕೇಳಿದ್ದೀರಾ? ಟ್ಯಾಂಕ್ ಅನ್ನಿ, ಗನ್ನರ್ ಅನ್ನಿ. ಮೇಲಿನ ಗೋಪುರಕ್ಕೆ ಟರೆಟ್ ಅನ್ನಿ, ಒಂದು ಸಲ ವಿವರಿಸಿದರೆ ಓದುಗರು ಹಿಡಿದುಕೊಳ್ಳುತ್ತಾರೆ.

ಇನ್ನು ತಪ್ಪುಗಳು. ಜರ್ಮನ್ ಟೈಗರ್ ಟ್ಯಾಂಕ್ ‘ಗ್ರಾಫಿಕ್ಸ್ ಚಮತ್ಕಾರ’ ಅಂದಿದ್ದೀರಿ. ಇಡೀ ಲೇಖನದ ಅತಿ ದೊಡ್ಡ ಸುದ್ದಿಯನ್ನು ಹೀಗೆ ಕೈಯಾರೆ ಕೊಂದಿದ್ದೀರಿ. ಅದು ಅಸಲಿ ಟೈಗರ್. 1943ರ ಏಪ್ರಿಲ್‌ನಲ್ಲಿ ಟ್ಯುನೀಷಿಯಾದಲ್ಲಿ ಬ್ರಿಟಿಷರ ಕೈಗೆ ಸಿಕ್ಕಿ, ಈಗ ಇಂಗ್ಲೆಂಡಿನ ಬೊವಿಂಗ್ಟನ್ ಟ್ಯಾಂಕ್ ಮ್ಯೂಸಿಯಮ್ಮಿನಲ್ಲಿರುವ ‘ಟೈಗರ್ 131’. ‘ಸೇವಿಂಗ್ ಪ್ರೈವೇಟ್ ರಯಾನ್’ ಸಿನಿಮಾದಲ್ಲಿ ರಷ್ಯಾದ ಟಿ-34 ಟ್ಯಾಂಕಿಗೆ ತಗಡು ಹೊದಿಸಿ ಟೈಗರ್ ವೇಷ ಕಟ್ಟಿದ್ದರು. ಇಲ್ಲಿ ಮ್ಯೂಸಿಯಮ್ಮಿನವರು ಮೂಲ ಗಾಡಿಯನ್ನೇ ಓಡಿಸಲು ಕೊಟ್ಟರು. ತೂಕ ನೂರು ಟನ್ ಅಲ್ಲ, ಸುಮಾರು 57. ಅಮೆರಿಕನ್ನರ ಶರ್ಮನ್ ಟ್ಯಾಂಕಿನ ‘ಪೆಟ್ರೋಲ್ ಎಂಜಿನ್ನಿನ ಆರ್ಭಟ’ವೂ ತಪ್ಪು. ಕಥೆಯಲ್ಲಿ ಅದು ಪೆಟ್ರೋಲ್ ಗಾಡಿಯೇ, ಆದರೆ ಚಿತ್ರೀಕರಣಕ್ಕೆ ಅದೇ ಮ್ಯೂಸಿಯಂ ಕೊಟ್ಟದ್ದು ಡೀಸೆಲ್ ಎಂಜಿನ್ನಿನ ಶರ್ಮನ್. ತಿಳಿದವರು ಮಾತ್ರ ಹಿಡಿಯುವ ವ್ಯತ್ಯಾಸ. ಆ ತಿಳಿದವರಲ್ಲಿ ನೀವೂ ಒಬ್ಬರಾಗಬೇಕಲ್ಲ.

ಕೆಸರಿನ ಬಗ್ಗೆ ಒಂದೂವರೆ ಪುಟ ಬರೆದಿದ್ದೀರಿ, ‘ರೌದ್ರ ಕೆಸರು’ ಅಂತೆಲ್ಲ. ಕಥೆ ನಡೆಯುವುದು 1945ರ ಏಪ್ರಿಲ್‌ನ ಜರ್ಮನಿಯಲ್ಲಿ, ತೆಗೆದದ್ದು 2013ರ ಶರತ್ಕಾಲದಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಷೈರ್ ಕಡೆಯ ಬಯಲಿನಲ್ಲಿ. ಕೆಸರು ನಿಜ. ಆದರೆ ಮೂವತ್ತು ಟನ್ನಿಗೂ ಮೀರಿದ ಗಾಡಿ ಅದರಲ್ಲಿ ಹೂತುಹೋಗದೆ ಹೇಗೆ ನಡೆಯಿತು ಅಂತ ಒಂದು ಮಾತಿಲ್ಲ. ಗದ್ದೆಗೆ ಇಳಿಸುವ ಮುಂಚೆ ಟ್ರ್ಯಾಕ್ಟರ್‌ಗೆ ಕೇಜ್ ವೀಲ್ ಹಾಕುವುದನ್ನು ಚಿಕ್ಕಂದಿನಿಂದ ನೋಡಿರುತ್ತೀರಿ. ಅದೇ ಲೆಕ್ಕ. ಹಳೆಯ ಶರ್ಮನ್‌ಗಳ ಚೈನು ಸುಮಾರು 42 ಸೆಂಟಿಮೀಟರ್ ಅಗಲ. ಈ ಸಿನಿಮಾದಲ್ಲಿರುವ ಮಾದರಿಗೆ 58. ಭಾರ ಹರಡುತ್ತದೆ, ಗಾಡಿ ತೇಲಿದ ಹಾಗೆ ಹೋಗುತ್ತದೆ. ಹಿಟಾಚಿ ಟಾರು ರಸ್ತೆ ದಾಟುವಾಗ ಆಗುವ ಆ ಕಿರಗುಟ್ಟುವ ಸದ್ದು ಸೇರಿಸಿ ಎರಡು ಸಾಲು ಬರೆದರೆ ನಮ್ಮ ಓದುಗರ ಕಾಲಿಗೇ ಅದುರು ಬರುತ್ತದೆ. ‘ರೌದ್ರ’ ಬೇಕಾಗಿಲ್ಲ.

ಈಗ ಎಂಟನೇ ಪುಟ. ಮೇಲಿನಿಂದ ನಾಲ್ಕನೇ ಸಾಲು: ‘ಒಳಗೆ ಐದು ಜನ ಇದ್ದಾರೆ, ಆದರೆ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ.’

ಇದನ್ನು ಎಲ್ಲಿಂದಲೂ ಎತ್ತಿದ್ದಲ್ಲ, ನೀವೇ ನೋಡಿ ಬರೆದದ್ದು ಅಂತ ಸಾಲಿನ ನಡಿಗೆಯಲ್ಲೇ ಗೊತ್ತಾಗುತ್ತದೆ. ನೂರಕ್ಕೆ ನೂರು ಸರಿಯಲ್ಲ. ಮುಂದೆ ಕೂರುವ ಡ್ರೈವರ್ ಮತ್ತು ಸಹ ಡ್ರೈವರ್ ಕತ್ತು ಹೊರಳಿಸಿದರೆ ಒಬ್ಬರಿಗೊಬ್ಬರು ಕಾಣುತ್ತಾರೆ. ಲೋಡರ್ ಫಿರಂಗಿಯ ಆಚೆ ಇಣುಕಬಹುದು. ಆದರೆ ಕಮಾಂಡರ್‌ಗೆ ಕಾಣುವುದು ಗನ್ನರ್‌ನ ಹಿಂದಲೆ, ಗನ್ನರ್‌ಗೆ ಕಾಣುವುದು ದುರ್ಬೀನಿನೊಳಗಿನ ಒಂದು ತುಂಡು ಜಗತ್ತು. ಉಳಿದದ್ದೆಲ್ಲ ಇಂಟರ್‌ಕಾಮಿನ ದನಿ. ನಟನೆ ಅಂದರೆ ಮುಖ, ಟ್ಯಾಂಕ್ ಅಂದರೆ ಮುಖವೇ ಇಲ್ಲದ ಜಾಗ. ಇಂಥ ಜಾಗದಲ್ಲಿ ಸಿನಿಮಾ ತೆಗೆಯುವುದು ಹೇಗೆ? ನಿಮ್ಮ ಲೇಖನ ಇದೇ, ಉಳಿದ ಹತ್ತು ಪುಟ ಅದರ ಮೇಲೆ ಹೊದಿಸಿದ ಗೋಣಿಚೀಲ.

ಈ ಪ್ರಶ್ನೆ ಇಟ್ಟುಕೊಂಡು ನೋಡಿದರೆ ನೀವೇ ಕಲೆಹಾಕಿದ ಮಾಹಿತಿಗೆ ಜೀವ ಬರುತ್ತದೆ. ನಿರ್ದೇಶಕ ಡೇವಿಡ್ ಏಯರ್ ಹರೆಯದಲ್ಲಿ ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಯಲ್ಲಿ ಕೆಲಸ ಮಾಡಿದವರು ಅಂತ ಹತ್ತನೇ ಪುಟದ ಅಡಿಯಲ್ಲಿ ಬಿಸಾಕಿದ್ದೀರಿ. ಮುಚ್ಚಿದ ಕಬ್ಬಿಣದೊಳಗೆ ಬದುಕುವುದು ಹೇಗೆ ಅಂತ ತಿಳಿದ ಮನುಷ್ಯ! ಟ್ಯಾಂಕಿನ ಒಳಭಾಗವನ್ನು ಸೆಟ್ ಹಾಕಿ ಒಂದೊಂದು ಮುಖವನ್ನೂ ಒಂಟಿಯಾಗಿ ಹಿಡಿದು, ಮಾತಿನಿಂದ ಹೊಲಿದಿದ್ದಾರೆ.

ಅದಿರಲಿ, ಆ ಊಟದ ದೃಶ್ಯ. ಊರು ಹಿಡಿದ ಮೇಲೆ ಇಬ್ಬರು ಜರ್ಮನ್ ಹೆಂಗಸರ ಮನೆಯಲ್ಲಿ ಐವರೂ ಒಂದೇ ಮೇಜಿಗೆ ಕೂರುತ್ತಾರಲ್ಲ, ಅದನ್ನು ‘ಚಿತ್ರದ ವೇಗವನ್ನು ಕುಂಠಿತಗೊಳಿಸುತ್ತದೆ’ ಅಂತ ತಳ್ಳಿಹಾಕಿದ್ದೀರಿ. ಇನ್ನೊಂದು ಸಲ ನೋಡಿ. ಐದೂ ಮುಖ ಎದುರುಬದುರಾಗಿ ಕೂತು ಒಂದನ್ನೊಂದು ತಿನ್ನುವ ಹಾಗೆ ನೋಡುವುದು ಅಲ್ಲೇ. ಕತ್ತಲ ಡಬ್ಬಿಯೊಳಗೆ ಒಂದೇ ಮೈಯಂತೆ ಇದ್ದವರು ಬೆಳಕಿನಲ್ಲಿ, ಬಿಳಿ ಬಟ್ಟೆ ಹಾಸಿದ ಮೇಜಿನ ಮುಂದೆ ಒಬ್ಬರನ್ನೊಬ್ಬರು ಸಹಿಸಲಾರರು. ನಿಮ್ಮ ಎಂಟನೇ ಪುಟದ ಸಾಲಿಗೆ ಸಿನಿಮಾ ಕೊಟ್ಟ ಉತ್ತರ ಅದು. ಸಾಲು ಬರೆದವರು ನೀವೇ, ಉತ್ತರ ಕಂಡಾಗ ಆಕಳಿಸಿದವರೂ ನೀವೇ.

ಹೋಲಿಕೆಗೆ ಎರಡು ಸಿನಿಮಾ ನೋಡಿ. ಸ್ಯಾಮ್ಯುಯೆಲ್ ಮಾವೋಜ್ ಅವರ ‘ಲೆಬನಾನ್’, 2009ರಲ್ಲಿ ವೆನಿಸ್‌ನಲ್ಲಿ ಗೋಲ್ಡನ್ ಲಯನ್ ಪಡೆದದ್ದು. 1982ರ ಲೆಬನಾನ್ ಯುದ್ಧದಲ್ಲಿ ಅವರೇ ಇಸ್ರೇಲಿನ ಟ್ಯಾಂಕ್ ಗನ್ನರ್ ಆಗಿದ್ದರು. ಮೊದಲ ಮತ್ತು ಕೊನೆಯ ದೃಶ್ಯ ಬಿಟ್ಟರೆ ಕ್ಯಾಮೆರಾ ಟ್ಯಾಂಕಿನಿಂದ ಹೊರಗೇ ಬರುವುದಿಲ್ಲ, ಹೊರಗಿನದೆಲ್ಲ ಗನ್ನರ್‌ನ ದುರ್ಬೀನಿನಲ್ಲೇ. ಇನ್ನೊಂದು ನಮ್ಮದೇ ‘ಪಿಪ್ಪಾ’, ಪಾಕಿಸ್ತಾನದ ವಿರುದ್ಧ ನಡೆದ 1971ರ ನವೆಂಬರ್‌ನ ಗರೀಬ್‌ಪುರ ಕಾಳಗ. ನೀರಿನಲ್ಲಿ ತೇಲುವ ಪಿಟಿ-76 ಟ್ಯಾಂಕಿಗೆ ಪಂಜಾಬಿ ಸೈನಿಕರು ತುಪ್ಪದ ಖಾಲಿ ಡಬ್ಬದ ಹೆಸರನ್ನೇ, ‘ಪಿಪ್ಪಾ’ ಅಂತ, ಇಟ್ಟಿದ್ದರು. ಅದರಲ್ಲಿ ಮೂರೇ ಜನ, ಗುಂಡು ಹಾರಿಸುವುದೂ ಕಮಾಂಡರ್‌ನ ಕೆಲಸವೇ. ಜನ ಕಮ್ಮಿಯಾದರೆ ಮೌನ ಎಷ್ಟು ಬದಲಾಗುತ್ತದೆ, ಗಮನಿಸಿ.

ಮತ್ತೆ, ಒಂದು ಭಾನುವಾರ ಮಡಿಕೇರಿಗೆ ಹೋಗಿಬನ್ನಿ. ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ ಈಗ ಮ್ಯೂಸಿಯಂ, ಅಲ್ಲೊಂದು ಟಿ-55 ಟ್ಯಾಂಕ್ ನಿಂತಿದೆ. ನಾಲ್ಕು ಜನರ ಗಾಡಿ. ಒಳಗೆ ಇಳಿಯದಿದ್ದರೂ ಪರವಾಗಿಲ್ಲ, ಪಕ್ಕದಲ್ಲಿ ನಿಂತು ಎತ್ತರ ನೋಡಿ: ಎರಡೂವರೆ ಮೀಟರೂ ಇಲ್ಲ. ಅದರಲ್ಲಿ ನೆಲ, ಚೈನು, ಸೀಟು, ತಲೆಯ ಮೇಲಿನ ಉಕ್ಕು ಎಲ್ಲ ಕಳೆದು ಮನುಷ್ಯನಿಗೆ ಎಷ್ಟು ಉಳಿಯಿತು ಅಂತ ಲೆಕ್ಕ ಹಾಕಿ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಹಿಂದೊಮ್ಮೆ ನಾನೇ ಏಟು ತಿಂದಿದ್ದೇನೆ. ಕಾಫಿ ಕ್ಯೂರಿಂಗಿನಲ್ಲಿ ಕಾಳು ಆರಿಸುವ ಹೆಂಗಸರ ಬಗ್ಗೆ ‘ಅವರ ಬೆರಳುಗಳು ನರ್ತಿಸುತ್ತಿದ್ದವು’ ಅಂತ ಬರೆದು, ನನ್ನ ಪತ್ರಿಕೆಯಲ್ಲೇ ಹಾಕಿಕೊಂಡಿದ್ದೆ. ಆ ಹೆಂಗಸರಲ್ಲೊಬ್ಬರು ಸಂತೆಗೆ ಬಂದವರು ಆಫೀಸಿನ ಮೆಟ್ಟಿಲು ಹತ್ತಿ ಬಂದು ಕೇಳಿದರು: ‘ಚೆನ್ನಾಗ್ ಬರ್ದಿದೀರ ಸಾ, ಆದ್ರೆ ಸಂಜೆ ಹೊತ್ಗೆ ಕತ್ತು ಹಿಡ್ಕಳದು ಬರ್ದೇ ಇಲ್ವಲ್ಲ?’ ಕಾಫಿ ಕುಡಿಸಿ ಕಳಿಸಿದೆ. ಅಷ್ಟೇ ಮಾಡಲು ಸಾಧ್ಯವಿತ್ತು.

ಎಂಟನೇ ಪುಟದ ಸಾಲಿನಿಂದ ಶುರು ಮಾಡಿ 1,200 ಪದದೊಳಗೆ ಮತ್ತೆ ಬರೆದು ಕಳಿಸಿ, ಮುಂದಿನ ತಿಂಗಳ ಹತ್ತರೊಳಗೆ. ಶೀರ್ಷಿಕೆ ನಾನು ಕೊಡುತ್ತೇನೆ, ‘ವೀರಗಾಥೆ’ ಅಂತೂ ಅಲ್ಲ. ಸಿನಿಮಾದ ಪೋಸ್ಟರ್ ಬೇಡ, ಹಾಕಲು ನಮಗೆ ಹಕ್ಕಿಲ್ಲ. ನಮ್ಮ ಕಲಾವಿದರಿಂದ ಚಿತ್ರ ಬರೆಸುತ್ತೇನೆ. ಅವರಿಗಾಗಿ ಶರ್ಮನ್‌ನಲ್ಲಿ ಐವರೂ ಎಲ್ಲೆಲ್ಲಿ ಕೂರುತ್ತಾರೆ ಅಂತ ಒಂದು ಹಾಳೆಯಲ್ಲಿ ಗೀಚಿ ಜೊತೆಗಿಡಿ. ನಿಮ್ಮ ಲೇಖನದಲ್ಲಿ ಲೋಡರ್ ಬಲಕ್ಕಿದ್ದಾನೆ. ಟೈಗರ್‌ನಲ್ಲಾದರೆ ಸರಿ, ಶರ್ಮನ್‌ನಲ್ಲಿ ಅವನ ಜಾಗ ಎಡಕ್ಕೆ.

ನಿಮ್ಮ,
ಸಂಪಾದಕ