ಓದುಗರ ಪ್ರಶ್ನೆ, ನಮ್ಮ ಉತ್ತರ: ಸದನದಲ್ಲಿ ಎದ್ದು ನಿಂತ ಹಣಕಾಸು ಮಂತ್ರಿ

ಪ್ರಶ್ನೆ: ಟಿವಿಲಿ ಬಜೆಟ್ ಚರ್ಚೆ ನೋಡಿದ್ರೆ ಬೇಜಾರಾಗತ್ತೆ ಸರ್. ಏನ್ ಕೇಳಿದ್ರೂ ಮಂತ್ರಿಗಳು "ನಿಮ್ ಕಾಲದಲ್ಲಿ ಏನ್ ಮಾಡಿದ್ರಿ" ಅಂತಾರೆ. ತಾನು ತಂದ ನೀತಿನ ನೆಟ್ಟಗೆ ಸಮರ್ಥಿಸ್ಕೊಂಡ ಮಂತ್ರಿ ಒಬ್ರಾದ್ರೂ ಇದಾರಾ? (ದಾವಣಗೆರೆಯಿಂದ)

ಉತ್ತರ: ಇದಾರೆ, ಆದ್ರೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು. 1991ರ ಜುಲೈ 24, ಲೋಕಸಭೆ, ಬಜೆಟ್ ಮಂಡಿಸ್ತಿದ್ದ ಹಣಕಾಸು ಮಂತ್ರಿ ಮನಮೋಹನ್ ಸಿಂಗ್. ಆಗ ಪರಿಸ್ಥಿತಿ ಹೇಗಿತ್ತು ಅಂದ್ರೆ ಗಲ್ಫ್ ಯುದ್ಧದಿಂದ ತೈಲದ ಬಿಲ್ಲು ಏರಿತ್ತು, ಹೊರದೇಶದೋರು ಸಾಲ ಕೊಡೋಕೆ ಹಿಂದೆಮುಂದೆ ನೋಡ್ತಿದ್ರು, ವಿದೇಶಿ ವಿನಿಮಯ ಬರೀ 2,500 ಕೋಟಿ ರೂಪಾಯಿಯಷ್ಟು ಉಳಿದಿತ್ತು, ಅದು ಹದಿನೈದು ದಿನದ ಆಮದಿಗೂ ಅಷ್ಟಕ್ಕಷ್ಟೇ. ಹಾಗಂತ ಅವರು ಭಾಷಣದಲ್ಲೇ ಬಾಯಿಬಿಟ್ಟು ಹೇಳಿದ್ರು, ಮುಚ್ಚಿಡಲಿಲ್ಲ. ರೂಪಾಯಿ ಬೆಲೆನ ಅದೇ ತಿಂಗಳ 1ಕ್ಕೂ 3ಕ್ಕೂ ಎರಡು ಸಲ ಇಳಿಸಿಯಾಗಿತ್ತು, ಚಿನ್ನ ಅಡ ಇಟ್ಟಾಗಿತ್ತು, ಅದರ ಮೇಲೆ ನರಸಿಂಹ ರಾವ್ ಸರ್ಕಾರಕ್ಕೆ ಸ್ವಂತ ಬಹುಮತವೂ ಇರಲಿಲ್ಲ. ಅಂಥಾ ಟೈಮಲ್ಲಿ ಎದ್ದು ನಿಂತು ಪೆಟ್ರೋಲು, ಗ್ಯಾಸು, ಸಕ್ಕರೆ, ಗೊಬ್ಬರ ಎಲ್ಲದಕ್ಕೂ ಬೆಲೆ ಏರಿಸ್ತೀನಿ ಅನ್ನೋಕೆ ಗುಂಡಿಗೆ ಬೇಕು.

ಜಿಡಿಪಿಯ (ದೇಶದ ಒಟ್ಟು ಉತ್ಪನ್ನದ) ಶೇ 8 ದಾಟಿದ್ದ ವಿತ್ತೀಯ ಕೊರತೆನ, ಅಂದ್ರೆ ಆದಾಯಕ್ಕಿಂತ ಜಾಸ್ತಿಯಾಗಿ ಸಾಲ ಮಾಡಿ ತುಂಬೋ ಖರ್ಚನ್ನ, ಒಂದೇ ವರ್ಷದಲ್ಲಿ ಶೇ 6.5ಕ್ಕೆ ತರ್ತೀನಿ ಅಂತ ಲೆಕ್ಕ ಇಟ್ರು. ಬರೀ ಬಡವರ ಮೇಲೆ ಹಾಕ್ತಿದೀರಿ ಅನ್ನೋ ಮಾತಿಗೆ ಉತ್ತರ ಅದೇ ಬಜೆಟ್ ಒಳಗೇ ಇತ್ತು ನೋಡಿ, ಕಂಪನಿಗಳ ತೆರಿಗೆ ಏರಿಸಿ, ಮನೆಬಳಕೆಯ ಸೀಮೆಎಣ್ಣೆ ಬೆಲೆ ಇಳಿಸಿದ್ರು, ಕೆಲಸ ಕಳ್ಕೊಳ್ಳೋ ಕಾರ್ಮಿಕರಿಗೆ ಅಂತ ಒಂದು ನಿಧಿ ಮಾಡ್ತೀವಿ ಅಂದ್ರು. ಆ ನಿಧಿ ಮುಂದೆ ಎಷ್ಟು ಜನಕ್ಕೆ ನಿಜವಾಗ್ಲೂ ಆಸರೆ ಆಯ್ತು ಅಂತ ಕೇಳಿದ್ರೆ ನಂಗೇನೋ ಸಮಾಧಾನ ಇಲ್ಲ. ಆದ್ರೂ ನಿಮ್ಮ ಪ್ರಶ್ನೆಗೆ ಉತ್ತರ ಇದೇ. ಹಿಂದಿನೋರನ್ನ ಬೈಯೋಕೆ ಅವರಿಗೆ ಬೇಕಾದಷ್ಟು ಅವಕಾಶ ಇತ್ತು, ಅದರಲ್ಲಿ ಅರ್ಧ ಬೈಗುಳ ಅವರ ಪಾರ್ಟಿಗೇ ತಾಗ್ತಿತ್ತು ಅನ್ನೋದು ಬೇರೆ ಮಾತು!

ಪ್ರಶ್ನೆ: ಎಲ್ರೂ ಮನಮೋಹನ್ ಸಿಂಗರನ್ನ ಹೊಗಳ್ತಾರೆ, ರೈತರ ಗೊಬ್ಬರಕ್ಕೆ ಬರೆ ಹಾಕಿದ್ದು ಅವರೇ ಅಲ್ವಾ? (ಮಂಡ್ಯದಿಂದ)

ಉತ್ತರ: ಹೌದು, ಅವರೇ. ನಂಗೆ ಆ ಇಡೀ ಬಜೆಟ್ಟಲ್ಲಿ ಜಾಸ್ತಿ ಕುತೂಹಲ ಇರೋದೂ ಈ ಗೊಬ್ಬರದ ಕಥೆ ಮೇಲೇನೇ, ಯಾಕಂದ್ರೆ ಲೈಸೆನ್ಸ್ ರಾಜ್ (ಕಾರ್ಖಾನೆ ಶುರು ಮಾಡೋಕೂ ಸರ್ಕಾರದ ಪರವಾನಗಿ ಬೇಕಿದ್ದ ಪದ್ಧತಿ) ಹೋಯ್ತು ಅನ್ನೋದನ್ನ ಎಲ್ರೂ ಬರೀತಾರೆ, ಇದನ್ನ ಬರೆಯೋರು ಕಮ್ಮಿ.

ಗೊಬ್ಬರದ ಬೆಲೆ ಹೆಚ್ಚುಕಮ್ಮಿ ಹತ್ತು ವರ್ಷದಿಂದ ಏರಿರಲಿಲ್ಲ, ಸಬ್ಸಿಡಿ ಮಾತ್ರ ಏರ್ತಾನೇ ಇತ್ತು. ಒಂದೇ ಏಟಿಗೆ ಸರಾಸರಿ ಶೇ 40 ಏರಿಸಿದ್ರು. ಟನ್ನಿಗೆ 2,350 ಇದ್ದ ಯೂರಿಯಾ 3,300 ಆಯ್ತು, ಅಂದ್ರೆ 50 ಕೆಜಿ ಚೀಲಕ್ಕೆ 117 ರೂಪಾಯಿ 50 ಪೈಸೆ ಕೊಡ್ತಿದ್ದೋರು 165 ಕೊಡ್ಬೇಕು. ವಿರೋಧ ಪಕ್ಷದೋರು ಬಿಡಿ, ಅವರು ಕೂಗೇ ಕೂಗ್ತಾರೆ, ಕಾಂಗ್ರೆಸ್ಸಿನ ಸಂಸದರೇ ತಿರುಗಿಬಿದ್ರು. ಊರಿಗೆ ಹೋಗಿ ರೈತರಿಗೆ ಮುಖ ತೋರಿಸ್ಬೇಕಾಗಿದ್ದು ಅವರಲ್ವಾ, ಹಣಕಾಸು ಇಲಾಖೆಯ ಆಫೀಸರುಗಳು ಅಲ್ವಲ್ಲ.

ಕೊನೆಗೆ ಆಗಸ್ಟ್ 6ಕ್ಕೆ ಲೋಕಸಭೇಲಿ ಎದ್ದು ಸಿಂಗ್ ಒಂದು ಹೆಜ್ಜೆ ಹಿಂದೆ ಬಂದ್ರು, ಏರಿಕೆ ಶೇ 40 ಅಲ್ಲ 30, ಸಣ್ಣ ಮತ್ತು ಅತಿಸಣ್ಣ ರೈತರಿಗೆ ಏರಿಕೆನೇ ಇಲ್ಲ ಅಂತ. ಕೇಳೋಕೆ ಚೆನ್ನಾಗಿದೆ, ಆದ್ರೆ ಗೊಬ್ಬರದಂಗಡಿ ಕೌಂಟರಲ್ಲಿ ಯಾರು ಸಣ್ಣ ರೈತ ಅಂತ ಹೇಗ್ ಗೊತ್ತಾಗತ್ತೆ? ಪಹಣಿ ಹಿಡ್ಕೊಂಡು ಕ್ಯೂ ನಿಲ್ಲಿಸೋದಾ? ಹಳೇ ರೇಟಲ್ಲಿ ತಗೊಂಡು ಪಕ್ಕದ ದೊಡ್ಡ ಜಮೀನ್ದಾರನಿಗೆ ಮಾರಿದ್ರೆ ಹಿಡಿಯೋರ್ಯಾರು? ಒಂದೇ ಚೀಲಕ್ಕೆ ಎರಡು ಬೆಲೆ ಅನ್ನೋದು ಜಾರಿ ಮಾಡೋಕೆ ಬಹಳ ಕಷ್ಟದ ಕೆಲಸ, ಹಾಗೇ ಆಯ್ತು ಕೂಡ.

ಮಾರನೇ ವರ್ಷ, 1992ರ ಆಗಸ್ಟಲ್ಲಿ, ರಂಜಕ ಮತ್ತೆ ಪೊಟ್ಯಾಷ್ ಗೊಬ್ಬರನ ಬೆಲೆ ನಿಯಂತ್ರಣದಿಂದ ಬಿಟ್ರು, ಯೂರಿಯಾನ ಮಾತ್ರ ನಿಯಂತ್ರಣದಲ್ಲೇ ಇಟ್ಕೊಂಡ್ರು, ಅದರ ಬೆಲೆನ ಸ್ವಲ್ಪ ಇಳಿಸಿದ್ರು ಕೂಡ. ಅವತ್ತಿಂದ ಡಿಎಪಿ (ರಂಜಕದ ಗೊಬ್ಬರ), ಪೊಟ್ಯಾಷ್ ದುಬಾರಿ, ಯೂರಿಯಾ ಅಗ್ಗ. ಅಗ್ಗ ಇರೋದನ್ನ ರೈತ ಜಾಸ್ತಿ ಹಾಕ್ದೆ ಇನ್ನೇನ್ ಮಾಡ್ತಾನೆ? ಇವತ್ತು 45 ಕೆಜಿ ಯೂರಿಯಾ ಚೀಲ 270 ರೂಪಾಯಿ ಒಳಗೇ ಸಿಗತ್ತೆ, ಮಣ್ಣಲ್ಲಿ ಪೋಷಕಾಂಶದ ಸಮತೋಲನ ಕೆಟ್ಟಿದೆ ಅಂತ ಕೃಷಿ ವಿಜ್ಞಾನಿಗಳು ಹೇಳ್ತಾನೇ ಇದಾರೆ. ಹಾಗಾಗಿ ನನ್ನ ಅಭಿಪ್ರಾಯ ಕೇಳಿದ್ರೆ, ಮಂತ್ರಿ ಸದನದಲ್ಲಿ ಗಟ್ಟಿಯಾಗಿ ಹಿಡ್ಕೊಂಡಿದ್ದೇನು ಅನ್ನೋದಕ್ಕಿಂತ ಎಲ್ಲಿ ಬಿಟ್ಟುಕೊಟ್ರು ಅನ್ನೋದನ್ನ ನೋಡ್ಬೇಕು. ಭಾಷಣ ಎಲ್ರಿಗೂ ನೆನಪಿದೆ, ಆದ್ರೆ ನಿಮ್ಮ ಗದ್ದೆಗೆ ಬಂದು ಕೂತಿರೋದು ಬಿಟ್ಟುಕೊಟ್ಟಿದ್ದೇನೇ.

ಪ್ರಶ್ನೆ: ಆ ಬಜೆಟ್ ಮಂಡಿಸುವಾಗ ಸಿಂಗ್ ಎಂಪಿನೇ ಆಗಿರಲಿಲ್ಲವಂತೆ, ನಿಜವಾ? (ಶಿರಸಿಯಿಂದ)

ಉತ್ತರ: ನಿಜ. ಸಂವಿಧಾನದ ಪ್ರಕಾರ ಆರು ತಿಂಗಳ ತನಕ ಸದಸ್ಯ ಆಗ್ದೇನೂ ಮಂತ್ರಿ ಆಗಿರಬಹುದು. ಅವರು ಅಸ್ಸಾಂನಿಂದ ರಾಜ್ಯಸಭೆಗೆ ಬಂದಿದ್ದು ಅದೇ ವರ್ಷ ಅಕ್ಟೋಬರಲ್ಲಿ.

ಪ್ರಶ್ನೆ: ರಾಜೀವ್ ಗಾಂಧಿ ಫೌಂಡೇಶನ್‌ಗೆ ಸರ್ಕಾರಿ ದುಡ್ಡು ಕೊಟ್ಟಿದ್ದೂ ಅದೇ ಬಜೆಟ್ಟಾ? (ಬೆಳಗಾವಿಯಿಂದ)

ಉತ್ತರ: ಐದು ವರ್ಷಕ್ಕೆ 100 ಕೋಟಿ ಕೊಡ್ತೀವಿ ಅಂತ ಘೋಷಣೆ ಆಗಿದ್ದು ಹೌದು. ಸದನದಲ್ಲಿ ಭಾರೀ ಗಲಾಟೆಯಾಗಿ ಕೈಬಿಟ್ರು. ಜನಕ್ಕೆ ಹೊಟ್ಟೆ ಕಟ್ಟಿಕೊಳ್ಳಿ ಅಂತ ಹೇಳೋ ಬಜೆಟ್ಟಲ್ಲೇ ಇದನ್ನ ಸೇರಿಸೋ ಬುದ್ಧಿ ಅದ್ಯಾಕ್ ಬಂತೋ.

ಪ್ರಶ್ನೆ: ನಮ್ಮ ಗ್ಯಾರಂಟಿಗಳನ್ನ ವಿಧಾನಸಭೇಲಿ ಸಿದ್ದರಾಮಯ್ಯನೋರು ಸಮರ್ಥಿಸ್ಕೊಂಡಿದ್ದನ್ನ ಇದಕ್ಕೆ ಹೋಲಿಸಬಹುದಾ? (ಮೈಸೂರಿಂದ)

ಉತ್ತರ: ದಿಕ್ಕು ಉಲ್ಟಾ. ಅಲ್ಲಿ ಖರ್ಚು ಕಡಿಯೋದನ್ನ ಸಮರ್ಥಿಸ್ಬೇಕಿತ್ತು, ಇಲ್ಲಿ ಖರ್ಚು ಮಾಡೋದನ್ನ. 2025-26ರ ಬಜೆಟ್ ತಗೊಳ್ಳಿ, ಒಟ್ಟು ಗಾತ್ರ 4,09,549 ಕೋಟಿ, ಅದರಲ್ಲಿ ಐದು ಗ್ಯಾರಂಟಿಗೆ 51,034 ಕೋಟಿ, ಅಂದ್ರೆ ಸುಮಾರು ಎಂಟರಲ್ಲಿ ಒಂದು ಪಾಲು. ಅವರ ವಾದ ಎರಡು. ಹೆಂಗಸರ ಕೈಗೆ ಹೋದ ದುಡ್ಡು ಅಂಗಡಿಗೇ ಬಂದು ವಹಿವಾಟು ಹೆಚ್ಚಿಸತ್ತೆ ಅನ್ನೋದು ಒಂದು, ಎಲ್ಲಾ ಕಾನೂನಿನ ಮಿತಿ ಒಳಗೇ ಇದೆ ಅನ್ನೋದು ಇನ್ನೊಂದು. ಮಿತಿ ಒಳಗಿರೋದೇನೋ ಹೌದು, ವಿತ್ತೀಯ ಕೊರತೆ ರಾಜ್ಯದ ಜಿಡಿಪಿಯ ಶೇ 3 ದಾಟಬಾರದು, ಇವರದ್ದು 2.95. ಒಟ್ಟು ಸಾಲ ಅದರ ಶೇ 25 ದಾಟಬಾರದು, ಇವರದ್ದು 24.91. ಗೆರೆ ಮುಟ್ಟಿಲ್ಲ, ಆದ್ರೆ ಕಾಲು ಇಡೋಕೂ ಜಾಗ ಉಳಿದಿಲ್ಲ! ಜೊತೆಗೆ 19,262 ಕೋಟಿ ರಾಜಸ್ವ ಕೊರತೆನೂ ಇದೆ, ಅಂದ್ರೆ ದಿನನಿತ್ಯದ ಖರ್ಚಿಗೇ ಆದಾಯ ಅಷ್ಟು ಸಾಲದು.

ನಂಗೆ ಉತ್ತರ ಸಾಲದು ಅನ್ಸಿದ್ದು ಎಸ್‌ಸಿಎಸ್‌ಪಿ, ಟಿಎಸ್‌ಪಿ ದುಡ್ಡಿನ ವಿಷ್ಯದಲ್ಲಿ. ಪರಿಶಿಷ್ಟ ಜಾತಿ, ಪಂಗಡದ ಜನಕ್ಕೆ ಅಂತಾನೇ ಎತ್ತಿಡೋ ಹಣ ಅದು, 2013ರಲ್ಲಿ ಅದಕ್ಕೆ ಕಾನೂನು ತಂದಿದ್ದು ಸಿದ್ದರಾಮಯ್ಯನೋರ ಸರ್ಕಾರವೇ, ಅದು ನಿಜವಾಗ್ಲೂ ಒಳ್ಳೇ ಕೆಲಸ. ಈಗ ಅದರಲ್ಲಿ ಒಂದು ಪಾಲು ಗ್ಯಾರಂಟಿಗೆ ಹೋಗ್ತಿದೆಯಲ್ಲ ಅಂತ ಕೇಳಿದ್ರೆ, ಫಲಾನುಭವಿಗಳಲ್ಲಿ ಆ ಸಮುದಾಯದೋರೂ ಇದಾರೆ, ಅವರ ಪಾಲು ಅವರಿಗೇ ಹೋಗ್ತಿದೆ ಅಂತಾರೆ. ಲೆಕ್ಕದ ಪುಸ್ತಕದಲ್ಲಿ ಸರಿ. ಆದ್ರೆ ಎಲ್ರಿಗೂ ಸಿಗೋ 2,000 ರೂಪಾಯಿನ ಒಬ್ಬರಿಗೆ ಮಾತ್ರ ಅವರದೇ ಗಂಟಿಂದ ತೆಗೆದು ಕೊಟ್ರೆ ಅವರಿಗೆ ಹೆಚ್ಚಿಗೆ ಸಿಕ್ಕಿದ್ದೇನು? ಹಾಸ್ಟೆಲ್ಲು, ಜಮೀನು, ಕೊಳವೆಬಾವಿ ಅಂತ ಅದೇ ಹಣದಲ್ಲಿ ಆಗ್ಬೇಕಿದ್ದ ಕೆಲಸದ ಗತಿ ಏನು? ಇದಕ್ಕೆ ನೇರ ಉತ್ತರ ಬರೋ ತನಕ ಕೇಳ್ತಾ ಇರಬೇಕು.

ಪ್ರಶ್ನೆ: ಈ ಹಳೇ ಚರ್ಚೆಗಳನ್ನ ನಾವೇ ಓದ್ಬೇಕಂದ್ರೆ ಎಲ್ಲಿ ಸಿಗತ್ತೆ? (ಕೊಪ್ಪಳದಿಂದ)

ಉತ್ತರ: ಲೋಕಸಭೆ ನಡಾವಳಿ ಸಂಸತ್ತಿನ ಡಿಜಿಟಲ್ ಲೈಬ್ರರಿಲಿ ಪುಕ್ಕಟೆ ಇದೆ, ಬಜೆಟ್ ಭಾಷಣಗಳು ಕೇಂದ್ರ ಹಣಕಾಸು ಇಲಾಖೆಯ ಬಜೆಟ್ ವೆಬ್‌ಸೈಟಲ್ಲಿ. ಸ್ಕ್ಯಾನ್ ಮಾಡಿರೋ ಹಳೇ ಪುಟಗಳು, ಅಕ್ಷರ ಅಲ್ಲಲ್ಲಿ ಮಸುಕು, ಆದ್ರೆ ಮಧ್ಯೆ ಎದ್ದು ಅಡ್ಡಬಾಯಿ ಹಾಕಿದೋರ ಮಾತೂ ಹಾಗೇ ಅಚ್ಚಾಗಿದೆ, ಮೊದಲು ಅದನ್ನೇ ಓದಿ, ಬಲು ಮಜಾ ಇದೆ.