ಲಾರಿಯ ಕೂಲೆಂಟ್ ಕಡಿಮೆಯಾಗುತ್ತಿದೆ, ಏರಿನಲ್ಲಿ ಎಂಜಿನ್ ಬಿಸಿಯಾಗುತ್ತದೆ, ಸೋರಿಕೆ ಕಾಣುತ್ತಿಲ್ಲ. ಎಲ್ಲಿ ಹುಡುಕಬೇಕು?

ಎಂಜಿನ್ ಪೂರ್ತಿ ತಣ್ಣಗಾದ ಮೇಲಷ್ಟೇ ಕೂಲೆಂಟ್ ಟ್ಯಾಂಕಿನ ಕ್ಯಾಪ್ ತೆಗೆಯಿರಿ. ಪ್ರೆಶರ್ ಟೆಸ್ಟರ್ ಹಾಕಿ, ಕ್ಯಾಪ್ ಮೇಲೆ ಬರೆದಿರುವಷ್ಟೇ ಒತ್ತಡ ಕೊಟ್ಟು 15 ನಿಮಿಷ ಬಿಡಿ. ಮುಳ್ಳು ಇಳಿದರೆ ವಾಟರ್ ಪಂಪ್ ಅಡಿಯ ಸಣ್ಣ ತೂತು, ಹೋಸ್ ಕ್ಲಿಪ್‌ಗಳು, ರೇಡಿಯೇಟರ್ ಅಂಚು ನೋಡಿ. ಬಿಸಿಗೆ ಆವಿಯಾಗುವುದರಿಂದ ಹನಿ ಕಾಣದಿರಬಹುದು, ಒಣಗಿದ ಬಣ್ಣದ ಕಲೆ ಮಾತ್ರ ಉಳಿದಿರುತ್ತದೆ.

ಹೊರಗೆ ಏನೂ ಇಲ್ಲವೇ? ಹಾಗಾದರೆ ಎಂಜಿನ್ ಒಳಗೇ ಹೋಗುತ್ತಿರಬಹುದು. ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದೆ ಬಂದರೆ ಇಜಿಆರ್ ಕೂಲರ್ (ಎಂಜಿನ್‌ಗೆ ಮರಳಿ ಹೋಗುವ ಹೊಗೆಯನ್ನು ತಣಿಸುವ ಭಾಗ) ಅಥವಾ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಹೋಗಿರಬಹುದು. ಕೂಲೆಂಟ್‌ನಲ್ಲಿ ಆಯಿಲ್ ತೇಲಿದರೆ ಮೊದಲ ಅನುಮಾನ ಆಯಿಲ್ ಕೂಲರ್ ಮೇಲೆ.

ಟ್ಯಾಂಕಿನಲ್ಲಿ ಗುಳ್ಳೆ ಕಂಡೊಡನೆ ಹೆಡ್ ಬಿಚ್ಚಲು ಹೊರಡಬೇಡಿ. ಕೂಲೆಂಟ್‌ನಿಂದ ತಣಿಯುವ ಏರ್ ಬ್ರೇಕ್ ಕಂಪ್ರೆಸರ್‌ನ ಗ್ಯಾಸ್ಕೆಟ್ ಹೋದರೂ ಹೀಗೇ ಆಗುತ್ತದೆ. ನಿಂತಲ್ಲೇ ಎಂಜಿನ್ ಓಡಿಸಿ: ಗಾಳಿ ತುಂಬಿ ಕಂಪ್ರೆಸರ್ ಅನ್‌ಲೋಡ್ ಆದಾಗ (ಗಾಳಿ ಒತ್ತುವುದನ್ನು ನಿಲ್ಲಿಸಿದಾಗ) ಗುಳ್ಳೆ ನಿಂತರೆ ತಪ್ಪು ಬಹುಪಾಲು ಅದರದೇ.